ಬಿದ್ದ ಮರಿಯನ್ನು ಎತ್ತಿಕೊಂಡವರು: ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆ ಬಳಗದ ಕಥೆ

(ಮೈಸೂರಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಹಕ್ಕಿ ನೋಡುವ ಗೆಳೆಯರ ಮುಂದೆ ಆಡಿದ ಮಾತಿನ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಸಭೆಯಲ್ಲಿ ಕೇಳಿದ ಕೆಲವು ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಎಷ್ಟು ಜನ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದೀರಿ? ಒಂದು ಸಲ ಕೈ ಎತ್ತಿ. ಅರ್ಧಕ್ಕಿಂತ ಜಾಸ್ತಿ ಜನ ಇದ್ದೀರಿ, ಸಂತೋಷ. ಹೋದವರೆಲ್ಲ ತಲೆ ಎತ್ತಿ ಮರದ ತುದಿ ನೋಡಿರುತ್ತೀರಿ. ಹುಣಸೆ ಮರದ ತುಂಬ ಹೆಜ್ಜಾರ್ಲೆ (ಇಂಗ್ಲಿಷಿನ ಪೆಲಿಕನ್), ಬಣ್ಣದ ಕೊಕ್ಕರೆ, ಅವುಗಳ ಗೂಡು, ಗಲಾಟೆ. ಇವತ್ತು ನಾನು ಮಾತಾಡಬೇಕು ಅಂತ ಬಂದಿರುವುದು ಆ ಮರಗಳ ಬುಡದ ಬಗ್ಗೆ. ಅಲ್ಲಿ ಬೀಳುವ ಮರಿಗಳ ಬಗ್ಗೆ. ಆ ಮರಿಗಳನ್ನು ಎತ್ತಿಕೊಂಡ ಊರ ಹುಡುಗರ ಬಗ್ಗೆ.

ನಾನು ಮದ್ದೂರು ಸೀಮೆಯವನು. ಚಿಕ್ಕಂದಿನಲ್ಲಿ ನಮಗೆ ಹೆಜ್ಜಾರ್ಲೆ ಅಂದರೆ ದೊಡ್ಡ ವಿಶೇಷವೇನೂ ಆಗಿರಲಿಲ್ಲ. ಕೆರೆ ಇದ್ದ ಕಡೆ ಇರುವ ಹಕ್ಕಿ, ಅಷ್ಟೇ. ಅದು ಎಂಥ ಹಕ್ಕಿ ಎಂದು ನನಗೆ ಅರ್ಥವಾಗಿದ್ದು ಒಂದು ಮಾರ್ಚ್ ತಿಂಗಳಲ್ಲಿ. ಬೆಳ್ಳೂರಿನ ಒಂದು ಮನೆಯ ಮುಂದೆ ನಿಂತಿದ್ದೆ. ಗಾಳಿ ಜೋರಾಗಿತ್ತು. ಹಿಂದೆ ಏನೋ ಧೊಪ್ ಎಂದು ಬಿತ್ತು. ತಿರುಗಿ ನೋಡಿದರೆ ಒಂದು ಮರಿ. ಮೈಮೇಲೆ ಬಿಳಿ ನವಿರು, ಮೈಗಿಂತ ದೊಡ್ಡದೇನೋ ಅನ್ನಿಸುವ ಕೊಕ್ಕು. ರೆಕ್ಕೆ ಅಗಲಿಸಿಕೊಂಡು ಮಣ್ಣಿನಲ್ಲಿ ಕೂತಿತ್ತು. ನಾನು ಏನು ಮಾಡಬೇಕೋ ಗೊತ್ತಾಗದೆ ನಿಂತುಬಿಟ್ಟೆ. ಒಳಗಿಂದ ಒಬ್ಬ ಹೆಂಗಸು ಬಂದು, ಮೊದಲು ನಾಯಿಯನ್ನು ಅಟ್ಟಿ, ಆಮೇಲೆ ಮಗನನ್ನು ಕೂಗಿದರು. ಆ ಹುಡುಗ ಮರಿಯ ರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿದು, ಕೊಕ್ಕು ತನ್ನ ಮುಖಕ್ಕೆ ತಾಗದ ಹಾಗೆ ಪಕ್ಕಕ್ಕೆ ಮಾಡಿಕೊಂಡು ಹೊರಟ. ಅವನ ಕೈಗೆ ಆ ಕೆಲಸ ರೂಢಿಯಾಗಿತ್ತು. ಆ ರೂಢಿ ಹೇಗೆ ಬಂತು ಅನ್ನುವುದೇ ಇವತ್ತಿನ ಮಾತು.

ಮೊದಲು ಹಕ್ಕಿಯ ಬಗ್ಗೆ ಸ್ವಲ್ಪ. ಹೆಜ್ಜಾರ್ಲೆ ಬಹಳ ದೊಡ್ಡ ಹಕ್ಕಿ. ತೂಕ ನಾಲ್ಕರಿಂದ ಆರು ಕಿಲೋ ಇರುತ್ತದೆ. ಕೊಕ್ಕಿನ ಮೇಲ್ಭಾಗದ ಅಂಚಿನುದ್ದಕ್ಕೂ ನೀಲಿ ಚುಕ್ಕೆಗಳು, ಕೆಳಗೆ ಚೀಲ. ಈ ಜಾತಿ ಇರುವುದು ಭಾರತ, ಶ್ರೀಲಂಕಾ, ಕಾಂಬೋಡಿಯಾದಂಥ ಕೆಲವೇ ಕಡೆ. 2006ರ ಒಂದು ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಇದ್ದದ್ದು 13,000ದಿಂದ 18,000 ಹಕ್ಕಿ. ನಮ್ಮ ಒಂದು ಹೋಬಳಿಯ ಜನಸಂಖ್ಯೆಯೂ ಅಲ್ಲ. ಗೂಡು ಕಟ್ಟುವುದು ಗುಂಪಾಗಿ, ಮರದ ಮೇಲೆ. ಸಾಮಾನ್ಯವಾಗಿ ಮೂರು ನಾಲ್ಕು ಮೊಟ್ಟೆ. ಒಂದು ತಿಂಗಳು ಕಾವು. ಆಮೇಲೆ ಮರಿ ಹಾರುವಷ್ಟರಲ್ಲಿ ಇನ್ನೂ ಮೂರು ತಿಂಗಳಾದರೂ ಬೇಕು, ಕೆಲವಕ್ಕೆ ಅದಕ್ಕೂ ಜಾಸ್ತಿ. ಅಷ್ಟು ದಿನ ಅಪ್ಪ ಅಮ್ಮ ಇಬ್ಬರೂ ಮೀನು ಹೊತ್ತು ತರಬೇಕು.

ಆ ಮೂರ್ನಾಲ್ಕು ತಿಂಗಳಲ್ಲೇ ಎಲ್ಲ ತೊಂದರೆ. ಗೂಡು ಅಂದರೆ ಕಡ್ಡಿ ಹರಡಿದ ಒಂದು ಜಗುಲಿ ಇದ್ದ ಹಾಗೆ. ಅಂಚಿಗೆ ಕಟ್ಟೆ ಇಲ್ಲ. ಮರಿಗಳು ದಿನದಿನಕ್ಕೆ ದೊಡ್ಡವಾಗುತ್ತವೆ, ಜಗುಲಿ ಅಷ್ಟೇ ಇರುತ್ತದೆ. ಮೀನಿಗಾಗಿ ನೂಕಾಟ. ಮೇಲಿಂದ ಬೇಸಿಗೆಯ ಗಾಳಿ, ಮುಂಗಾರಿಗೆ ಮೊದಲಿನ ಮಳೆ. ಬಿದ್ದ ಮರಿಯನ್ನು ತಾಯಿ ಹಕ್ಕಿ ಕೆಳಗೆ ಬಂದು ಸಾಕುವುದಿಲ್ಲ. ಅದಕ್ಕೆ ಗೂಡಿನಲ್ಲಿರುವುದೇ ಮರಿ. ಅಂದರೆ ಬಿದ್ದ ಮರಿಗೆ ಪೆಟ್ಟಾಗದೆ ಉಳಿದರೂ ಹಸಿವಿನಿಂದ ಸಾಯುತ್ತದೆ, ಇಲ್ಲವೇ ನಾಯಿಯ ಬಾಯಿಗೆ ಹೋಗುತ್ತದೆ.

ಈಗ ಊರಿನ ವಿಷಯ. ಬೆಳ್ಳೂರಿನ ಹಿರಿಯರು ಒಂದು ಕಥೆ ಹೇಳುತ್ತಾರೆ. ಮೊದಲು ಊರು ಶಿಂಷಾ ನದಿಯ ದಡದಲ್ಲಿತ್ತು. ಸುಮಾರು 1916ರ ಹೊತ್ತಿಗೆ ಪ್ಲೇಗು ಬಂತು. ಜನ ಹಳೆ ಊರು ಬಿಟ್ಟು ಈಗಿನ ಜಾಗಕ್ಕೆ ಬಂದರು. ಹಕ್ಕಿಗಳೂ ಹಿಂದೆಯೇ ಬಂದವು. ಊರಿನವರ ನೆನಪಿನಲ್ಲಿ ಇರುವುದು ಹೀಗೆ. ಪ್ಲೇಗಿನ ಕಾಲದಲ್ಲಿ ಊರು ಬಿಡುವುದು ಅಂದರೆ ಏನು ಅಂತ ನಮ್ಮ ಅಜ್ಜಿಯಂದಿರು ಹೇಳಿದ್ದು ಕೇಳಿದವರಿಗೆ ಗೊತ್ತು. ಗುಡಿಸಲು ಹಾಕಿಕೊಂಡು ಬಯಲಲ್ಲಿ ಕೂತ ಜನರ ತಲೆಯ ಮೇಲಿನ ಮರಕ್ಕೆ ಅದೇ ಹಳೆಯ ಹಕ್ಕಿಗಳು ಬಂದು ಇಳಿದರೆ ಆ ಜನಕ್ಕೆ ಹೇಗಾಗಿರಬೇಡ? ಹಕ್ಕಿ ಬಂದರೆ ಮಳೆ ಬೆಳೆ ಚೆನ್ನ ಅನ್ನುವ ನಂಬಿಕೆ ಇವತ್ತಿಗೂ ಇದೆ. ಇನ್ನೊಂದು ಮಾತು ಊರಿನ ಹೆಂಗಸರ ಬಾಯಲ್ಲಿ ಕೇಳಬೇಕು. ಇವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಾರೆ. ಬಾಣಂತಿ ಮನೆಗೆ ಬಂದರೆ ಯಾರಾದರೂ ಹೋಗು ಅಂತಾರಾ?

ಆದರೆ ಬಾಣಂತಿ ಇರುವ ಮನೆಯ ಕೆಲಸ ಎಷ್ಟು ಅನ್ನುವುದೂ ಆ ಹೆಂಗಸರಿಗೇ ಗೊತ್ತು. ನಾಲ್ಕೈದು ತಿಂಗಳು ಊರಿಗೆಲ್ಲ ಮೀನಿನ ವಾಸನೆ. ಹೆಂಚಿನ ಮೇಲೆ ಸುಣ್ಣ ಬಳಿದ ಹಾಗೆ ಹಿಕ್ಕೆ. ಬಟ್ಟೆ ಒಣ ಹಾಕುವ ಹಾಗಿಲ್ಲ. ರಾತ್ರಿಯೂ ಮರಿಗಳ ಕಿರುಚಾಟ. ನಾವು ಪೇಟೆಯಿಂದ ಬೈನಾಕ್ಯುಲರ್ ಹಿಡಿದು ಎರಡು ಗಂಟೆ ಹೋಗಿ ಬರುವವರು. ಆ ಊರಿನವರು ಅದರ ಕೆಳಗೇ ಊಟ ಮಾಡಿ, ಅದರ ಕೆಳಗೇ ಮಲಗುವವರು. ಇದನ್ನು ನಾವು ಮರೆಯಬಾರದು.

ಊರಿನವರಿಗೆ ಇದರಿಂದ ಒಂದು ಲಾಭವೂ ಇತ್ತು. ಮರದ ಬುಡದಲ್ಲಿ ಗುಂಡಿ ತೋಡಿ, ಅದಕ್ಕೆ ಕೆರೆಯ ಗೋಡು ತಂದು ಹಾಕುತ್ತಿದ್ದರು. ಮೇಲಿಂದ ಹಿಕ್ಕೆ ಬಿದ್ದು ಬಿದ್ದು ಅದರಲ್ಲಿ ಬೆರೆಯುತ್ತದೆ. ಒಂದು ಸುಗ್ಗಿ ಕಳೆಯುವಷ್ಟರಲ್ಲಿ ಒಳ್ಳೆಯ ಗೊಬ್ಬರ. ಮೀನು ತಿನ್ನುವ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕ, ರಂಜಕ ಎರಡೂ ಚೆನ್ನಾಗಿರುತ್ತವೆ. ಕೆರೆಯ ಮೀನು ಹಕ್ಕಿಯ ಹೊಟ್ಟೆ ಸೇರಿ, ಅಲ್ಲಿಂದ ಗದ್ದೆಗೆ ಬರುತ್ತಿತ್ತು. ಅಂಗಡಿಯ ಗೊಬ್ಬರದ ಚೀಲ ಸುಲಭವಾಗಿ ಸಿಗತೊಡಗಿದ ಮೇಲೆ ಗುಂಡಿ ತೋಡುವ ಶ್ರಮ ಯಾರಿಗೆ ಬೇಕು? ನಿಧಾನಕ್ಕೆ ಈ ನಂಟು ಸಡಿಲವಾಯಿತು.

ಇಲ್ಲಿ ಒಬ್ಬರು ಕೇಳಿದರು: "ಸಾರ್, ಬೆಳ್ಳೂರಿನ ಹಕ್ಕಿಗಳ ಬಗ್ಗೆ ಬ್ರಿಟಿಷರ ಕಾಲದಲ್ಲೇ ಬರೆದಿದ್ದಾರಂತಲ್ಲ?"

ಒಳ್ಳೆಯ ಪ್ರಶ್ನೆ. ಥಾಮಸ್ ಜೆರ್ಡನ್ ಅಂತ ಒಬ್ಬ ವೈದ್ಯ ಇದ್ದ. ಭಾರತದ ಹಕ್ಕಿಗಳ ಬಗ್ಗೆ 1860ರ ದಶಕದಲ್ಲಿ ದೊಡ್ಡ ಪುಸ್ತಕ ಬರೆದ. ಕರ್ನಾಟಿಕ್ ಸೀಮೆಯ ಒಂದು ಹಳ್ಳಿಯ ನಡುವೆ, ಅಷ್ಟೇನೂ ಎತ್ತರವಿಲ್ಲದ ಮರಗಳಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟಿದ್ದನ್ನು ತಾನೇ ನೋಡಿದೆ, ಅವಕ್ಕೆ ಜನರ ಭಯವೇ ಇರಲಿಲ್ಲ ಎಂದು ಅದರಲ್ಲಿ ಇದೆ. ಊರಿನ ಹೆಸರು ಕೊಟ್ಟಿಲ್ಲ. ಅವನ ಕರ್ನಾಟಿಕ್ ಅಂದರೆ ನಮ್ಮ ಕರ್ನಾಟಕ ಅಂತಲೂ ಅಲ್ಲ, ಹೆಚ್ಚಾಗಿ ಮದ್ರಾಸ್ ಕಡೆಯ ಬಯಲು. ಹಾಗಾಗಿ ಅದು ಬೆಳ್ಳೂರೇ ಅಂತ ಹೇಳುವುದು ನನಗೆ ಸರಿ ಕಾಣುವುದಿಲ್ಲ. ನನಗೆ ಅದರಲ್ಲಿ ಮುಖ್ಯ ಅನ್ನಿಸುವುದು ಬೇರೆ. ಮನುಷ್ಯರ ಮನೆಯ ಪಕ್ಕ ಗೂಡು ಕಟ್ಟುವ ಈ ಅಭ್ಯಾಸ ದಕ್ಷಿಣ ಭಾರತದಲ್ಲಿ ಬಹಳ ಹಳೆಯದು. ಬೆಳ್ಳೂರಿನಂಥ ಊರುಗಳು ಹಿಂದೆ ಇನ್ನೂ ಇದ್ದವು.

ಅವೆಲ್ಲ ಏನಾದವು? ಆಂಧ್ರದ ಕೊಲ್ಲೇರು ಸರೋವರದ ಹತ್ತಿರ ಹೆಜ್ಜಾರ್ಲೆಗಳ ದೊಡ್ಡ ನೆಲೆ ಇತ್ತು. ಕೇರಳದ ಪಕ್ಷಿತಜ್ಞ ಕೆ.ಕೆ. ನೀಲಕಂಠನ್ 1940ರ ದಶಕದಲ್ಲಿ ಅದನ್ನು ಹೊರಜಗತ್ತಿಗೆ ತಿಳಿಸಿದರು. 1970ರ ದಶಕದ ನಡುವಿಗೆ ಆ ನೆಲೆ ಖಾಲಿಯಾಯಿತು. ಬರ್ಮಾದ ಸಿಟ್ಟಾಂಗ್ ನದಿಯ ಬಯಲಿನಲ್ಲಿ 1877ರಲ್ಲಿ ಯೂಜಿನ್ ಓಟ್ಸ್ ಎಂಬಾತ ನೋಡಿದ ಗುಂಪಂತೂ ಲೆಕ್ಕಕ್ಕೇ ಸಿಗದಷ್ಟು ದೊಡ್ಡದು. ಲಕ್ಷ ಲಕ್ಷ ಹಕ್ಕಿ. 1940ರ ದಶಕ ಮುಗಿಯುವಷ್ಟರಲ್ಲಿ ಅಲ್ಲಿ ಒಂದು ಗೂಡೂ ಇರಲಿಲ್ಲ. ಅಷ್ಟು ದೊಡ್ಡ ನೆಲೆ ಒಬ್ಬ ಮನುಷ್ಯನ ಆಯುಷ್ಯದೊಳಗೆ ಮುಗಿದುಹೋಯಿತು. ನಾನು ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಬೆಳ್ಳೂರಿನಲ್ಲಿ ಹಕ್ಕಿ ಉಳಿದಿದ್ದು ತಾನಾಗೇ ಆದದ್ದು ಅಂತ ನಾವು ಅಂದುಕೊಂಡುಬಿಡುತ್ತೇವೆ.

ನಮ್ಮ ಕಾಲಕ್ಕೆ ಬೆಳ್ಳೂರನ್ನು ಹೊರಗಿನವರಿಗೆ ತೋರಿಸಿಕೊಟ್ಟವರು ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು. 1976ರಲ್ಲಿ. ಮುಂದೆ 1980ರ ದಶಕದಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಸುಮಾರು 15 ಲಕ್ಷ ಸಸಿ ನೆಡಿಸಿದವರು ಇವರೇ. ಬೆಳ್ಳೂರನ್ನು ಅವರು ನೋಡಿದ ಮೇಲೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ದೇಶದ ಹಕ್ಕಿ ತಜ್ಞರ ಕಣ್ಣು ಈ ಊರಿನ ಮೇಲೆ ಬಿತ್ತು.

ಆಗ ಎದುರಾದ ದೊಡ್ಡ ತೊಡಕು ಹುಣಸೆಹಣ್ಣು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೆಜ್ಜಾರ್ಲೆ ನವೆಂಬರ್, ಡಿಸೆಂಬರಿಗೆ ಬರುತ್ತದೆ. ಮೊದಲು ನಾಲ್ಕಾರು ಹಕ್ಕಿ ಬಂದು ಊರ ಮೇಲೆ ಸುತ್ತು ಹಾಕಿ ಹೋಗುತ್ತವೆ. ಆಮೇಲೆ ಗುಂಪು. ಗೂಡಿನಲ್ಲಿ ಮರಿ ಇರುವುದು ಜನವರಿಯಿಂದ ಏಪ್ರಿಲ್, ಮೇವರೆಗೆ. ಹುಣಸೆ ಹಣ್ಣಾಗುವುದು ಯಾವಾಗ? ಅದೇ ತಿಂಗಳುಗಳಲ್ಲಿ! ಹಣ್ಣು ಬೀಳಿಸಲು ಮರ ಹತ್ತಿ ಕೊಂಬೆ ಅಲ್ಲಾಡಿಸಬೇಕು, ಗಳುವಿನಿಂದ ಬಡಿಯಬೇಕು. ಬಡಿದರೆ ಗೂಡು ಉಳಿಯುವುದಿಲ್ಲ. ಬಡಿಯದಿದ್ದರೆ ರೈತನಿಗೆ ಆ ವರ್ಷದ ದುಡ್ಡಿಲ್ಲ. ಒಂದು ದೊಡ್ಡ ಹುಣಸೆ ಮರ ಅಂದರೆ ಬಡವರ ಮನೆಯಲ್ಲಿ ಅದು ಒಂದು ಆದಾಯವೇ. ಊರಿನವರು ತಲೆಮಾರುಗಳಿಂದ ಆ ನಷ್ಟವನ್ನು ಸುಮ್ನೆ ನುಂಗಿಕೊಂಡು ಬಂದಿದ್ದರು. ಎಷ್ಟು ದಿನ ನುಂಗಲಿಕ್ಕಾಗುತ್ತದೆ? ಮಗಳ ಮದುವೆ ಬಂತು, ಸಾಲ ಬಂತು ಅಂದರೆ ಮೊದಲು ಕಣ್ಣು ಹೋಗುವುದು ಹಿತ್ತಲ ಮರದ ಕಡೆಗೆ. ಮರ ಸೌದೆಗೆ ಹೋದರೆ ಅದರ ಜೊತೆ ಹತ್ತಾರು ಗೂಡಿನ ಜಾಗವೂ ಹೋಯಿತು.

ಅದಕ್ಕೆ ಅರಣ್ಯ ಇಲಾಖೆ ಗೂಡಿರುವ ಮರಗಳ ಮಾಲೀಕರಿಗೆ ಪರಿಹಾರ ಕೊಡುವ ಪದ್ಧತಿ ತಂದಿತು. ಮರ ಕಡಿಯಬಾರದು, ಹಕ್ಕಿ ಇರುವಾಗ ಹಣ್ಣು ಬಡಿಯಬಾರದು. ಅದರ ಬದಲಿಗೆ ಮರಕ್ಕೆ ಇಂತಿಷ್ಟು ಅಂತ ವರ್ಷಕ್ಕೊಮ್ಮೆ ಹಣ. ಈ ಹಣ ಸಾಲದು ಅನ್ನುವ ಮಾತು ಊರಿನಲ್ಲಿ ಇದ್ದೇ ಇದೆ, ಅದು ನ್ಯಾಯವೂ ಹೌದು. ಹುಣಸೆಯ ಬೆಲೆ ಏರಿದಷ್ಟು ವೇಗವಾಗಿ ಪರಿಹಾರ ಏರುವುದಿಲ್ಲ. ಆದರೂ ಇದೊಂದು ಒಳ್ಳೆಯ ಹೆಜ್ಜೆ ಅಂತಲೇ ನನ್ನ ಅಭಿಪ್ರಾಯ. ಹಕ್ಕಿ ಸಾಕುವ ಖರ್ಚು ಬರೀ ಬೆಳ್ಳೂರಿನ ರೈತನದಲ್ಲ, ನಮ್ಮೆಲ್ಲರದು ಅಂತ ಸರ್ಕಾರ ಒಪ್ಪಿಕೊಂಡ ಹಾಗಾಯಿತಲ್ಲ.

ಹಣ ಮರವನ್ನು ಉಳಿಸಿತು. ಮರದಿಂದ ಬಿದ್ದ ಮರಿಯನ್ನು? ಅದಕ್ಕೆ ಯಾವ ಕಾಗದದಲ್ಲೂ ಜಾಗ ಇರಲಿಲ್ಲ.

ಈಗ ಬಳಗದ ಕಥೆಗೆ ಬರುತ್ತೇನೆ. 1990ರ ದಶಕದ ಮೊದಲಿಗೆ ನಮ್ಮ ಮೈಸೂರಿನಿಂದ ಕೆಲವು ಯುವಕರು ಬೆಳ್ಳೂರಿಗೆ ಹೋಗಿ ಬರತೊಡಗಿದರು. ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಅಂತ ಅವರ ಗುಂಪಿನ ಹೆಸರು, ಚಿಕ್ಕದಾಗಿ 'ಮ್ಯಾನ್'. ಕೆ. ಮನು ಅದರ ಮುಂದಾಳು. ಇಲ್ಲಿ ಕೂತಿರುವ ಹಿರಿಯರಿಗೆ ಅವರ ಪರಿಚಯ ಇರುತ್ತದೆ. ಇವರು ನೋಡಿ, ಬರೆದುಕೊಂಡು, ಫೋಟೋ ತೆಗೆದು ವಾಪಸ್ ಬರಬಹುದಿತ್ತು. ಹಾಗೆ ಮಾಡಲಿಲ್ಲ. ಊರಲ್ಲಿ ಕೂತರು. ಜಗುಲಿಯ ಮೇಲೆ ಕೂತು ಮಾತಾಡಿದರು. ಊರ ಹುಡುಗರ ಜೊತೆ ಗೂಡು ಎಣಿಸಿದರು. ಆ ಹುಡುಗರೇ ಸೇರಿ ಕಟ್ಟಿದ್ದು 'ಹೆಜ್ಜಾರ್ಲೆ ಬಳಗ'.

ಆ ಹೆಸರು ನನಗೆ ತುಂಬಾ ಇಷ್ಟ. ಸಂಘ ಅಂತ ಇಡಬಹುದಿತ್ತು, ಸಮಿತಿ ಅಂತ ಇಡಬಹುದಿತ್ತು. ಬಳಗ ಅಂದರೆ ನೆಂಟರು. ಬಂಧು ಬಳಗ ಅಂತೀವಲ್ಲ, ಆ ಬಳಗ. ಹಕ್ಕಿ ತವರಿಗೆ ಬಂದ ಮಗಳಾದರೆ ಇವರು ತವರಿನ ಬಳಗ. ಊರಿನಲ್ಲಿ ಮೊದಲೇ ಇದ್ದ ಮಾತನ್ನೇ ಈ ಹುಡುಗರು ಹೆಸರಾಗಿ ಇಟ್ಟುಕೊಂಡರು ಅಂತ ನಾನು ಭಾವಿಸುತ್ತೇನೆ.

ಅವರ ಮುಖ್ಯ ಕೆಲಸವೇ ಬಿದ್ದ ಮರಿ. ಬಲೆ ಸುತ್ತಿದ ಒಂದು ದೊಡ್ಡಿ ಮಾಡಿದರು, ನಾಯಿ ಒಳಗೆ ಬರದ ಹಾಗೆ. ಬಿದ್ದ ಮರಿಗಳನ್ನು ತಂದು ಅಲ್ಲಿ ಬಿಟ್ಟು ಮೀನು ಹಾಕಿ ಸಾಕುವುದು. ಕೇಳಲು ಸುಲಭ ಅಲ್ವಾ? ನಾನು ಕೆಲವು ಬೆಳಗ್ಗೆ ಜೊತೆಗಿದ್ದು ನೋಡಿದ್ದೇನೆ, ಹೇಳುತ್ತೇನೆ ಕೇಳಿ.

ಗೂಡಿನಲ್ಲಿ ಮರಿ ತಿನ್ನುವುದು ಹೇಗೆ? ತಾಯಿಯ ಕೊಕ್ಕಿನ ಚೀಲದೊಳಗೆ, ಗಂಟಲವರೆಗೂ ತಲೆ ತೂರಿಸಿ ಮೀನು ಎಳೆದುಕೊಳ್ಳುತ್ತದೆ. ದೊಡ್ಡಿಯಲ್ಲಿ ಆ ಚೀಲ ಎಲ್ಲಿದೆ? ಹೊಸದಾಗಿ ಬಂದ ಮರಿ ಮುಂದೆ ಮೀನಿಟ್ಟರೆ ಅದು ಊಟ ಅಂತಲೇ ಅದಕ್ಕೆ ಗೊತ್ತಾಗುವುದಿಲ್ಲ. ಗಾಬರಿಯಾದರೆ ತಿಂದಿದ್ದನ್ನೂ ಕಕ್ಕಿಬಿಡುತ್ತದೆ. ಹಾಗಾಗಿ ಮೊದಮೊದಲು ಒಬ್ಬರು ಹಿಡಿದುಕೊಂಡು, ಇನ್ನೊಬ್ಬರು ಕೊಕ್ಕು ತೆರೆದು ಮೀನು ಬಿಡಬೇಕು. ಕೆಲವು ದಿನಕ್ಕೆ ಬಕೆಟ್ ಕಂಡರೆ ತಾವೇ ಓಡಿ ಬರುತ್ತವೆ. ಆಮೇಲೆ ನೀರಿನಲ್ಲಿ ಮೀನು ಹಾಕಿ, ತಾನೇ ಹಿಡಿಯುವುದನ್ನು ಕಲಿಸಬೇಕು. ಕೈಯಿಂದ ತಿಂದ ಹಕ್ಕಿ ಕೆರೆಯಲ್ಲಿ ಬದುಕುವುದಿಲ್ಲ. ಅವುಗಳ ಹಸಿವಂತೂ ಹೇಳತೀರದು. ಐದಾರು ಮರಿ ಇದ್ದರೆ ಒಂದು ಬಕೆಟ್ ಮೀನು ನೋಡುನೋಡುತ್ತ ಖಾಲಿ. ಏಪ್ರಿಲ್ ಬಿಸಿಲಿಗೆ ಮೀನು ಮಧ್ಯಾಹ್ನದವರೆಗೂ ಇಡುವ ಹಾಗಿಲ್ಲ. ದಿನಾ ಬೆಳಿಗ್ಗೆ ಹೊಸ ಮೀನು ಬೇಕು. ಹೊಲದ ಕೆಲಸ, ಹಾಲು ಹಾಕುವುದು, ಶಾಲೆ ಕಾಲೇಜು ಎಲ್ಲ ಇಟ್ಟುಕೊಂಡೇ ಹುಡುಗರು ಇದನ್ನು ಮಾಡಬೇಕಿತ್ತು.

ರೆಕ್ಕೆ ಬಲಿತ ಮೇಲೆ ಹತ್ತಿರದ ತೈಲೂರು ಕೆರೆಯಲ್ಲಿ ಬಿಡುವುದು. ಇಷ್ಟು ಮಾಡಿದರೂ ಎಲ್ಲ ಮರಿಯೂ ಉಳಿಯುವುದಿಲ್ಲ. ಒಳಪೆಟ್ಟಾದ ಮರಿ ಎರಡೇ ದಿನಕ್ಕೆ ಹೋಗುತ್ತದೆ. ಉಳಿದವು ಕೆರೆಯ ನೀರಿನ ಮೇಲೆ ಮೊದಲ ಸಲ ತೇಲುವುದನ್ನು ನೋಡಲು ಊರ ಮಕ್ಕಳೆಲ್ಲ ಏರಿಯ ಮೇಲೆ ನಿಂತಿರುತ್ತಿದ್ದರು. ನಾನೂ ಅವರ ಜೊತೆ ನಿಂತಿದ್ದೇನೆ. ಕೆಲವು ಮರಿ ಬಿಟ್ಟವರ ಕಡೆಗೇ ಈಜಿಕೊಂಡು ವಾಪಸ್ ಬರುತ್ತವೆ. ಆಗ ಮಕ್ಕಳು "ಹೋಗೋ, ಹೋಗೋ" ಅಂತ ಕೂಗುವುದು, ಕೂಗುತ್ತಲೇ ಅಳುವುದು. ಅದನ್ನು ನೋಡಿ ನನ್ನ ಗಂಟಲೂ ಕಟ್ಟಿತ್ತು.

ಹುಡುಗರು ಮೀನಿಗೆ ಓಡಾಡಿದ ಹಾಗೆಲ್ಲ ಇನ್ನೊಂದು ವಿಷಯ ಕಣ್ಣಿಗೆ ಬೀಳುತ್ತದೆ. ಕೆರೆ. ಐದಾರು ಮರಿಗೆ ಇಷ್ಟು ಮೀನು ಬೇಕಾದರೆ ಮರದ ಮೇಲಿರುವ ನೂರಾರು ಮರಿಗೆ ಎಷ್ಟು ಬೇಕು? ಅವುಗಳ ಅಪ್ಪ ಅಮ್ಮ ಎಲ್ಲಿಂದ ತರಬೇಕು? ಶಿಂಷಾ ನದಿ, ತೈಲೂರು ಕೆರೆ, ಮದ್ದೂರು ಕೆರೆ, ಸೂಳೆಕೆರೆ. ಇವೇ ಬೆಳ್ಳೂರಿನ ಹಕ್ಕಿಗಳ ಅಡಿಗೆಮನೆ. ಕೆರೆಗಳ ಮೀನನ್ನು ಗುತ್ತಿಗೆಗೆ ಕೊಡುತ್ತಾರೆ. ಗುತ್ತಿಗೆ ಹಿಡಿದವನಿಗೆ ಹೆಜ್ಜಾರ್ಲೆ ಅಂದರೆ ಮೀನು ಕದಿಯುವ ಹಕ್ಕಿ. ಅವನನ್ನು ಬೈಯುವುದು ಸುಲಭ, ಆದರೆ ಅವನೂ ದುಡ್ಡು ಹಾಕಿದವನು. ಮಳೆ ಕೈಕೊಟ್ಟ ವರ್ಷ ಕೆರೆಗಳು ಫೆಬ್ರುವರಿಗೇ ಒಣಗುತ್ತವೆ. ಆಗ ಹಕ್ಕಿ ಮರಿಗಳನ್ನು ಗೂಡಿನಲ್ಲೇ ಬಿಟ್ಟು ಹೋಗುವುದುಂಟು. ಊರಿನೊಳಗೆ ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಊರಿನ ಹೊರಗಿನ ನೀರು ಕೆಟ್ಟರೆ ಹಕ್ಕಿ ಉಳಿಯುವುದಿಲ್ಲ.

ಅದರ ಪಾಠ 2017ರ ಕೊನೆಯಲ್ಲಿ ಸಿಕ್ಕಿತು. ಆ ಡಿಸೆಂಬರಿನಲ್ಲಿ ದೊಡ್ಡ ಹೆಜ್ಜಾರ್ಲೆಗಳೇ ಮರದಿಂದ ಉದುರಿ ಬೀಳತೊಡಗಿದವು. ಮರಿಗಳಲ್ಲ, ಬಲಿತ ಹಕ್ಕಿಗಳು. ಮುಂದಿನ ಕೆಲವು ತಿಂಗಳಲ್ಲಿ ಹತ್ತಾರು ಹಕ್ಕಿ ಸತ್ತವು. ಮರಣೋತ್ತರ ಪರೀಕ್ಷೆ ಮಾಡಿದಾಗ ಹೊಟ್ಟೆಯೊಳಗೆ ಹುಳುಗಳ ರಾಶಿ. ಇಂಥ ಹುಳು ಹಕ್ಕಿಯೊಳಗೆ ಹೋಗುವುದು ತಿನ್ನುವ ಮೀನು, ಕುಡಿಯುವ ನೀರಿನ ದಾರಿಯಲ್ಲಿ. ಕೆರೆಗಳ ನೀರಿನ ಮೇಲೆ ಎಲ್ಲರ ಅನುಮಾನ ಹೋಯಿತು. ಮರಿ ಬಿದ್ದರೆ ಎತ್ತಿಕೊಳ್ಳಲು ಕಲಿತಿದ್ದ ಊರಿಗೆ ಇದು ಹೊಸ ಸಂಕಟ. ಊರಿನವರು ಸತ್ತ ಹಕ್ಕಿಯ ಮುಂದೆ ಮನೆಯವರನ್ನು ಕಳೆದುಕೊಂಡವರ ಹಾಗೆ ಕೂತಿದ್ದರು. ಬಾಣಂತಿಯೇ ಸತ್ತರೆ ತವರಿನವರು ಏನು ಮಾಡಬೇಕು ಹೇಳಿ.

ಇಷ್ಟರೊಳಗೆ ಕಾನೂನಿನಲ್ಲಿ ಒಂದು ಬದಲಾವಣೆ ಆಗಿತ್ತು, ಅದನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. 1972ರ ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ತಂದು 'ಸಮುದಾಯ ಮೀಸಲು' ಅನ್ನುವ ಹೊಸ ಬಗೆಯನ್ನು ಸೇರಿಸಿದರು. ಜನರದೇ ಜಮೀನು, ಜನರೇ ಒಪ್ಪಿ ಕೊಟ್ಟರೆ ಮಾತ್ರ ಮೀಸಲು. ಯಾರನ್ನೂ ಒಕ್ಕಲೆಬ್ಬಿಸುವ ಹಾಗಿಲ್ಲ. ನೋಡಿಕೊಳ್ಳುವ ಸಮಿತಿಯಲ್ಲಿ ಪಂಚಾಯಿತಿ ಆರಿಸಿದ ಐವರು, ಇಲಾಖೆಯಿಂದ ಒಬ್ಬರು ಅಂತ ಆ ತಿದ್ದುಪಡಿಯಲ್ಲಿ ಇತ್ತು. 2007ರಲ್ಲಿ ಬೆಳ್ಳೂರಿನ ಸುಮಾರು 312 ಹೆಕ್ಟೇರ್ ಹೀಗೆ ಸಮುದಾಯ ಮೀಸಲಾಯಿತು. ಕರ್ನಾಟಕದಲ್ಲಿ ಅದೇ ಮೊದಲು. ರಂಗನತಿಟ್ಟನ್ನು ನೆನೆಸಿಕೊಳ್ಳಿ. ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನ ಮೇಲೆ 1940ರಲ್ಲಿ ಮೈಸೂರು ಸಂಸ್ಥಾನ ಅದನ್ನು ಪಕ್ಷಿಧಾಮ ಮಾಡಿತು. ಅಲ್ಲಿ ಹಕ್ಕಿಗೆ ದ್ವೀಪಗಳಿವೆ, ಸುತ್ತ ಕಾವೇರಿಯ ನೀರಿದೆ, ಕಾವಲಿದೆ. ಬೆಳ್ಳೂರಿನಲ್ಲಿ ಹಕ್ಕಿಗೂ ದನದ ಕೊಟ್ಟಿಗೆಗೂ ನಡುವೆ ಒಂದು ಗೋಡೆಯೂ ಇಲ್ಲ. ರಂಗನತಿಟ್ಟಿನ ಕಾನೂನನ್ನು ಇಲ್ಲಿಗೆ ತರಲು ಆಗುತ್ತಿರಲಿಲ್ಲ.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದಳು: "ರಂಗನತಿಟ್ಟಿನಲ್ಲೂ ಈಗ ಹೆಜ್ಜಾರ್ಲೆ ಜಾಸ್ತಿ ಇವೆ. ಬೆಳ್ಳೂರಿನದು ಅಲ್ಲಿಗೆ ಹೋದರೆ ಏನಾಯಿತು? ಹಕ್ಕಿ ಉಳಿದರೆ ಸಾಕಲ್ವಾ?"

ಹಕ್ಕಿಯ ಲೆಕ್ಕದಲ್ಲಿ ನಿನ್ನ ಮಾತು ಸರಿ ಮಗಳೇ. ಹಕ್ಕಿ ಎಲ್ಲಿ ನೀರು, ಮೀನು, ಮರ ಸಿಗುತ್ತದೋ ಅಲ್ಲಿಗೆ ಹೋಗುತ್ತದೆ. ಈ ಜಾತಿ ಮೊದಲಿಗಿಂತ ಸ್ವಲ್ಪ ಚೇತರಿಸಿಕೊಂಡಿದೆ. ಅಳಿವಿನ ಅಪಾಯ ಅಳೆಯುವ ಜಾಗತಿಕ ಪಟ್ಟಿಯಲ್ಲಿ ಅಪಾಯದ ಗುಂಪಿನಿಂದ ಒಂದು ಮೆಟ್ಟಿಲು ಈಚೆಗೆ ಬಂದಿದೆ. ಇದು ಖುಷಿಯ ವಿಷಯ. ಆದರೆ ನನಗೆ ಎರಡು ಕಾರಣಕ್ಕೆ ಬೆಳ್ಳೂರು ಬೇಕು. ಒಂದು, ಎಲ್ಲ ಹಕ್ಕಿಯೂ ಒಂದೆರಡೇ ಕಡೆ ಸೇರಿದರೆ ಒಂದು ರೋಗ, ಒಂದು ಪ್ರವಾಹ ಸಾಕು. ರಂಗನತಿಟ್ಟಿನಲ್ಲಿ ಕಾವೇರಿ ತುಂಬಿ ಬಂದಾಗ ಏನಾಗುತ್ತದೆ ಎಂದು ನೀವೆಲ್ಲ ನೋಡಿದ್ದೀರಿ. ಎರಡನೆಯದು, ಪಕ್ಷಿಧಾಮದಲ್ಲಿ ಹಕ್ಕಿ ಉಳಿಸುವುದು ಸಂಬಳ ಪಡೆಯುವವರ ಕೆಲಸ. ಬೆಳ್ಳೂರಿನಲ್ಲಿ ಅದು ಮನೆಮನೆಯ ಕೆಲಸ. ನಮ್ಮ ಹೆಚ್ಚಿನ ಹಕ್ಕಿಗಳು ಇರುವುದು ಪಕ್ಷಿಧಾಮದ ಹೊರಗೆ, ರೈತರ ಜಮೀನಿನಲ್ಲಿ, ಊರ ಕೆರೆಯಲ್ಲಿ. ಅಲ್ಲಿ ಕೆಲಸಕ್ಕೆ ಬರುವುದು ಬೆಳ್ಳೂರಿನ ದಾರಿ. ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಹೋಗಿ ನೋಡಿ. ಅಲ್ಲಿಯೂ ಊರ ನಡುವಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತದೆ. ಅಲ್ಲಿಯೂ ಊರಿನವರೇ ಕಾವಲು.

ಬಳಗದ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಇಂಥ ಗುಂಪುಗಳ ಕಥೆ ಹೇಳುವಾಗ ನಾವು ಶುರುವಾದ ವರ್ಷ, ಸಿಕ್ಕ ಹೆಸರು, ಬಂದ ಅತಿಥಿಗಳನ್ನು ಹೇಳುತ್ತೇವೆ. ನನಗೆ ಜಾಸ್ತಿ ಕಷ್ಟ ಅನ್ನಿಸುವುದು ನಡುವಿನ ವರ್ಷಗಳು. ಮೊದಲ ಉತ್ಸಾಹ ಇಳಿದಿರುತ್ತದೆ. ಹುಡುಗರಿಗೆ ಮದುವೆಯಾಗುತ್ತದೆ, ಒಬ್ಬ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾನೆ, ಇನ್ನೊಬ್ಬನಿಗೆ ಜಮೀನಿನ ತಾಪತ್ರಯ. ಹಕ್ಕಿ ಮಾತ್ರ ಪ್ರತಿ ವರ್ಷ ಬರುತ್ತದೆ. ಮರಿ ಪ್ರತಿ ವರ್ಷ ಬೀಳುತ್ತದೆ. ಫೋಟೋ ತೆಗೆಯಲು ಬರುವವರು ಮರದ ಮೇಲಿನ ಹಕ್ಕಿ ತೆಗೆದುಕೊಂಡು ಹೋಗುತ್ತಾರೆ. ಮೀನಿಗೆ ದುಡ್ಡು ಎಲ್ಲಿಂದ ಅಂತ ಕೇಳುವವರು ಕಡಿಮೆ. ಒಂದು ಸಲ ನಾನೇ ಒಂದು ಕಡೆ ಮೀನಿನ ಖರ್ಚಿಗೆ ಸಹಾಯ ಕೇಳಲು ಹೋಗಿದ್ದೆ. ಬ್ಯಾನರ್ ಹಾಕಿ ಸಮಾರಂಭ ಮಾಡಿದರೆ ಕೊಡುತ್ತೇವೆ, ಬರೀ ಮೀನಿಗೆ ಅಂದರೆ ಆಗುವುದಿಲ್ಲ ಅಂದರು. ಬರಿಗೈಲಿ ವಾಪಸ್ ಬಂದೆ. ಆ ದಿನದ ಬೇಸರ ಇನ್ನೂ ಹೋಗಿಲ್ಲ. ಆ ಊರಿನ ಹುಡುಗರು ಅಂಥ ಬಾಗಿಲುಗಳನ್ನು ಎಷ್ಟು ತಟ್ಟಿರಬೇಕು ಅಂತ ಆಗ ಅರಿವಾಯಿತು.

ಹಿರಿಯರೊಬ್ಬರು ಎದ್ದು ನಿಂತು ಕೇಳಿದರು: "ಬಳಗ ಬರುವ ಮೊದಲೂ ಊರಿನವರು ಹಕ್ಕಿಯನ್ನು ಪ್ರೀತಿಸುತ್ತಿದ್ದರು. ಹಾಗಾದರೆ ಬಳಗ ಹೊಸದಾಗಿ ತಂದಿದ್ದೇನು?"

ಸಾರ್, ಇದನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಪ್ರೀತಿ ಮೊದಲೇ ಇತ್ತು, ನಿಜ. ಅದರ ಜೊತೆಗೆ ಒಂದು ನಂಬಿಕೆಯೂ ಇತ್ತು. ಮರದ ಮೇಲಿನದು ದೇವರ ಲೆಕ್ಕ, ನಾವು ತೊಂದರೆ ಕೊಡದಿದ್ದರೆ ಸಾಕು ಅಂತ. ಆ ಕಾಲಕ್ಕೆ ಅಷ್ಟೇ ಸಾಕಾಗಿತ್ತು. ಕೆರೆಯಲ್ಲಿ ನೀರಿತ್ತು, ಮರ ಬೇಕಾದಷ್ಟಿತ್ತು. ನಾಲ್ಕು ಮರಿ ಬಿದ್ದರೆ ಹತ್ತು ಮರಿ ಹಾರುತ್ತಿದ್ದವು. ಮರ, ನೀರು ಎರಡೂ ಕಡಿಮೆಯಾದ ಮೇಲೆ ತೊಂದರೆ ಕೊಡದೆ ಇರುವುದಷ್ಟೇ ಸಾಲದಾಯಿತು. ಯಾರಾದರೂ ಎದ್ದು ಹೋಗಿ ಎತ್ತಿಕೊಳ್ಳಬೇಕಾಯಿತು. ಎಣಿಸಬೇಕಾಯಿತು. ಕೆರೆಯ ಬಗ್ಗೆ ಕೇಳಬೇಕಾಯಿತು, ಕಚೇರಿಗೆ ಅಲೆಯಬೇಕಾಯಿತು. ಊರಿನ ಪ್ರೀತಿಗೆ ಬಳಗ ಕೈ ಕಾಲು ಕೊಟ್ಟಿತು. ನನಗೆ ತಿಳಿದಿರುವುದು ಇಷ್ಟು.

ಸಮಯವಾಯಿತು ಅಂತ ಚೀಟಿ ಕಳಿಸಿದ್ದಾರೆ. ಈ ಸಲ ಹೋಗುವವರಿಗೆ ಎರಡು ಮಾತು ಹೇಳಿ ಮುಗಿಸುತ್ತೇನೆ. ಮೈಸೂರಿನಿಂದ ಹೋದರೆ ಮದ್ದೂರು ದಾಟಿ, ರುದ್ರಾಕ್ಷಿಪುರದ ಹತ್ತಿರ ಬಲಕ್ಕೆ ತಿರುಗಿ. ಅಲ್ಲಿಂದ ಸುಮಾರು 12 ಕಿಲೋಮೀಟರ್. ಜನವರಿಯಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಬೆಳಿಗ್ಗೆ ಬೇಗ ಹೋಗಿ. ಗಾಡಿಯನ್ನು ಊರ ಹೊರಗೇ ನಿಲ್ಲಿಸಿ ನಡೆಯಿರಿ, ಹಾರ್ನ್ ಬೇಡ. ಡ್ರೋನ್ ಅಂತೂ ಮನೆಯಿಂದ ತರಲೇಬೇಡಿ. ಹಕ್ಕಿ ಗಾಬರಿಯಿಂದ ಎದ್ದರೆ ಮರಿಯನ್ನು ತಾನೇ ತಳ್ಳಿಬಿಡುತ್ತದೆ. ಯಾರದೋ ಮನೆಯ ಅಂಗಳದಲ್ಲಿ ನಿಂತಿದ್ದೀರಿ ಅನ್ನುವುದು ನೆನಪಿರಲಿ, ಒಂದು ಮಾತು ಕೇಳಿ ನಿಲ್ಲಿ. ಅಲ್ಲಿನ ಅಂಗಡಿಯಲ್ಲೇ ಟೀ ಕುಡಿಯಿರಿ, ಎಳನೀರು ಕುಡಿಯಿರಿ.

ಮರದ ಕೆಳಗೆ ಮರಿ ಬಿದ್ದಿದ್ದು ಕಂಡರೆ ನೀವು ಎತ್ತಲು ಹೋಗಬೇಡಿ. ಬಾಯಿಗೆ ನೀರು ಬಿಡಬೇಡಿ, ಬಿಸ್ಕತ್ತು ಹಾಕಬೇಡಿ. ನಾಯಿ ಹತ್ತಿರ ಬರದ ಹಾಗೆ ಒಬ್ಬರು ಅಲ್ಲೇ ನಿಂತಿರಿ. ಇನ್ನೊಬ್ಬರು ಪಕ್ಕದ ಮನೆಯ ಬಾಗಿಲು ತಟ್ಟಿ. ಮುಂದೇನು ಮಾಡಬೇಕು ಅಂತ ಅವರಿಗೆ ಗೊತ್ತು.